ಫೈಲ್ ಚಿಕ್ಕದಾಗಬೇಕು, ಚಿತ್ರ ಕೆಡಬಾರದು: ಜೆಪೆಗ್, ಪಿಎನ್‌ಜಿ, ವೆಬ್‌ಪಿ, ಎವಿಐಎಫ್‌ಗಳಲ್ಲಿ ಯಾವುದು ಯಾರಿಗೆ?

ಪರೀಕ್ಷೆಗೆ ಅರ್ಜಿ ಹಾಕುವವರ ಫೋಟೊ 50 ಕೆಬಿ ದಾಟಬಾರದು. ಅಂಗಡಿಯ ವೆಬ್‌ಸೈಟ್ ನಡೆಸುವವರಿಗೆ ಪುಟ ಮೊಬೈಲ್‌ನಲ್ಲಿ ಬೇಗ ತೆರೆದುಕೊಳ್ಳಬೇಕು. ಸಂಘದ ಪೋಸ್ಟರ್ ಮಾಡುವವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ಅಕ್ಷರ ಮಸುಕಾಗಬಾರದು. ಮೂವರೂ ಕೇಳುವುದು ಒಂದನ್ನೇ: ಯಾವ ಫಾರ್ಮ್ಯಾಟ್‌ನಲ್ಲಿ ಉಳಿಸಲಿ, ಕ್ವಾಲಿಟಿ (ಉಳಿಸುವಾಗ ತಂತ್ರಾಂಶ ಕೇಳುವ, ಸಾಮಾನ್ಯವಾಗಿ 100ರವರೆಗಿನ ಸಂಖ್ಯೆ) ಎಷ್ಟಿಡಲಿ? ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಅದು ತಪ್ಪಾಗುತ್ತದೆ. ಫಾರ್ಮ್ಯಾಟ್ ಕೊನೆಗೆ ತೀರ್ಮಾನ ಮಾಡುವಂಥದ್ದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ.

ಯಾವ ಅಳತೆಯಲ್ಲಿ ತೂಗಬೇಕು?

ಮೊದಲನೆಯದು, ಆ ಫೈಲನ್ನು ಯಾರು, ಯಾವುದರಲ್ಲಿ ತೆರೆಯುತ್ತಾರೆ ಎಂಬುದು. ಹೊಸ ಬ್ರೌಸರ್ ಆದರೆ ಹೊಸ ಫಾರ್ಮ್ಯಾಟ್ ಕೊಡಬಹುದು. ಅರ್ಜಿಯ ಪೋರ್ಟಲ್, ಫೋಟೊ ಸ್ಟುಡಿಯೊ, ಫ್ಲೆಕ್ಸ್ ಹಾಕಿಸುವ ಅಂಗಡಿ ಎಂದಾದರೆ ಹಳೆಯದನ್ನೇ ಕೊಡಬೇಕು. ಉಳಿದೆಲ್ಲ ಲೆಕ್ಕಾಚಾರಕ್ಕಿಂತ ಇದು ಮುಂದೆ ನಿಲ್ಲುತ್ತದೆ. ಎಷ್ಟೇ ಚೊಕ್ಕವಾಗಿ ಕುಗ್ಗಿಸಿದ್ದರೂ ಆ ಕಡೆಯವರಿಗೆ ತೆರೆಯದ ಫೈಲ್ ಇದ್ದೂ ಇಲ್ಲದಂತೆ.

ಎರಡನೆಯದು, ಚಿತ್ರದಲ್ಲಿ ಏನಿದೆ ಎಂಬುದು. ಮುಖ, ಗಿಡ, ಸೀರೆಯ ನೇಯ್ಗೆಯಂಥ ಕ್ಯಾಮೆರಾ ಚಿತ್ರ ಒಂದು ಜಾತಿ. ಅಕ್ಷರ, ಲೋಗೊ, ನಕ್ಷೆ, ಸ್ಕ್ರೀನ್‌ಶಾಟ್ ಇನ್ನೊಂದು ಜಾತಿ. ಮೊದಲನೆಯದರಲ್ಲಿ ಬಣ್ಣ ಸಣ್ಣಸಣ್ಣಗೆ ಬದಲಾಗುತ್ತ ಹೋಗುತ್ತದೆ, ಸ್ವಲ್ಪ ಕಳೆದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ಅಂಚು ಕತ್ತರಿಸಿದ ಹಾಗಿರುತ್ತದೆ, ಅಲ್ಲಿ ಒಂದಿಷ್ಟು ಕಳೆದರೂ ಎದ್ದು ಕಾಣುತ್ತದೆ.

ಮೂರನೆಯದು, ಈ ಫೈಲನ್ನು ಮುಂದೆ ಮತ್ತೆ ತಿದ್ದುವುದಿದೆಯೇ ಎಂಬುದು. ತಿದ್ದುವುದಿದ್ದರೆ ಮೂಲವನ್ನು ಬೇರೆ ಇಟ್ಟುಕೊಂಡು ನಕಲನ್ನು ಮಾತ್ರ ಕುಗ್ಗಿಸಬೇಕು. ನಾಲ್ಕನೆಯದು ಸಂಖ್ಯೆ ಮತ್ತು ಖರ್ಚು. ಒಂದೇ ಚಿತ್ರವಾದರೆ ಕೈಯಲ್ಲೇ ಹದ ನೋಡಬಹುದು. ಸಾವಿರ ಚಿತ್ರಗಳಿದ್ದರೆ ಒಮ್ಮೆ ಹದ ಗೊತ್ತು ಮಾಡಿಕೊಂಡು ಯಂತ್ರಕ್ಕೆ ಬಿಡಬೇಕು.

ಪಿಕ್ಸೆಲ್ ಇಳಿಸದೆ ಕ್ವಾಲಿಟಿ ಇಳಿಸಬೇಡಿ

ಫಾರ್ಮ್ಯಾಟ್ ಬದಲಿಸಿ ಉಳಿಸುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಉಳಿತಾಯ ಪಿಕ್ಸೆಲ್ ಇಳಿಸುವುದರಲ್ಲಿದೆ. 12 ಮೆಗಾಪಿಕ್ಸೆಲ್ ಫೋನಿನ ಚಿತ್ರ 4000×3000, ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್. ಅದನ್ನು 1600×1200ಕ್ಕೆ ಇಳಿಸಿದರೆ 19 ಲಕ್ಷ 20 ಸಾವಿರ ಉಳಿಯುತ್ತದೆ, ಆರರಲ್ಲೊಂದು ಪಾಲಿಗಿಂತ ಕಡಿಮೆ. ಅಗಲ ಅರ್ಧವಾದರೆ ಪಿಕ್ಸೆಲ್ ಕಾಲುಭಾಗವಾಗುತ್ತದೆ. 4 ಎಂಬಿಯ ಚಿತ್ರವನ್ನು ಹಾಗೇ ಇಟ್ಟು ಕ್ವಾಲಿಟಿಯನ್ನು 30ಕ್ಕೆ ತಳ್ಳಿ 400 ಕೆಬಿಗೆ ತರುವವರಿದ್ದಾರೆ. ಅದೇ 400 ಕೆಬಿಯಲ್ಲಿ 1600 ಪಿಕ್ಸೆಲ್ ಅಗಲದ, ಕ್ವಾಲಿಟಿ 80ರ ಚಿತ್ರ ಕೂರುತ್ತದೆ. ಪರದೆಯ ಮೇಲೆ ಎರಡನ್ನೂ ಒಂದೇ ಅಗಲದಲ್ಲಿ ನೋಡಿದರೆ ಯಾವುದು ಚೆನ್ನ ಎಂದು ಕೇಳಬೇಕಾಗಿಯೇ ಇಲ್ಲ.

ಎಷ್ಟಕ್ಕೆ ಇಳಿಸಬೇಕು ಎಂಬುದನ್ನು ಬಳಸುವ ಜಾಗ ಹೇಳುತ್ತದೆ. ವೆಬ್‌ಪುಟದಲ್ಲಿ ಚಿತ್ರ 720 ಅಗಲದಲ್ಲಿ ಕಾಣುತ್ತಿದ್ದರೆ, ಒತ್ತಾದ ಪರದೆಯ ಫೋನುಗಳಿಗಾಗಿ ಅದರ ಎರಡರಷ್ಟು, 1440 ಸಾಕು. 6×4 ಇಂಚಿನ ಪ್ರಿಂಟಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 1800×1200 ಬೇಕು. ಇನ್ನು, ‘72 ಡಿಪಿಐ ಮಾಡಿ, ಫೈಲ್ ಚಿಕ್ಕದಾಗುತ್ತದೆ’ ಎಂಬ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ. ಡಿಪಿಐ ಎಂಬುದು ಫೈಲಿನೊಳಗೆ ಬರೆದಿಟ್ಟ ಒಂದು ಚೀಟಿ ಅಷ್ಟೇ. ಪಿಕ್ಸೆಲ್ ಬದಲಾಗದೆ ಅದನ್ನೊಂದೇ 300ರಿಂದ 72ಕ್ಕೆ ಬದಲಿಸಿದರೆ ಫೈಲ್ ಗಾತ್ರದಲ್ಲಿ ಏನೂ ಕಡಿಮೆಯಾಗುವುದಿಲ್ಲ.

ಕೆಲಸದ ಕ್ರಮವೂ ಮುಖ್ಯ. ಬೇಡದ ಅಂಚು ಕತ್ತರಿಸಿ, ಆಮೇಲೆ ಅಳತೆ ಇಳಿಸಿ, ಬೇಕಿದ್ದರೆ ಸ್ವಲ್ಪ ಶಾರ್ಪ್ ಮಾಡಿ, ಕೊನೆಗೆ ಒಂದೇ ಸಲ ಉಳಿಸಿ. ಅಳತೆ ಇಳಿಸುವಾಗ ಲ್ಯಾಂಕ್‌ಜೋಸ್ ಎಂಬ ವಿಧಾನ ಆರಿಸಿದರೆ ಅಂಚುಗಳು ಚೆನ್ನಾಗಿ ಉಳಿಯುತ್ತವೆ. ಶಾರ್ಪ್ ಜಾಸ್ತಿಯಾದರೆ ಫೈಲೂ ಊದುತ್ತದೆ. ರಾತ್ರಿ ತೆಗೆದ ಚಿತ್ರದಲ್ಲಿ ಕತ್ತಲ ಭಾಗದ ತುಂಬ ಮರಳು ಚೆಲ್ಲಿದಂತೆ ಕಾಣುವ ನಾಯ್ಸ್ ಇನ್ನೊಂದು ತೊಂದರೆ. ಕಂಪ್ರೆಸ್ ಮಾಡುವ ತಂತ್ರಾಂಶಕ್ಕೆ ಆ ಮರಳಿಗೂ ದೇವರ ಮೂರ್ತಿಯ ಕೆತ್ತನೆಗೂ ವ್ಯತ್ಯಾಸ ತಿಳಿಯದು, ಎರಡಕ್ಕೂ ಬೈಟ್ ಖರ್ಚು ಮಾಡುತ್ತದೆ. ಉಳಿಸುವ ಮೊದಲು ನಾಯ್ಸನ್ನು ಹಗುರವಾಗಿ ಇಳಿಸಿದರೆ ಕ್ವಾಲಿಟಿ ಮುಟ್ಟದೆಯೇ ಫೈಲ್ ಇಳಿಯುತ್ತದೆ.

ಜೆಪೆಗ್: ಹಳೆಯದು, ಎಲ್ಲ ಕಡೆ ಸಲ್ಲುತ್ತದೆ

1992ರ ಮಾನದಂಡ. ಇದನ್ನು ತೆರೆಯದ ಯಂತ್ರ ಇಲ್ಲವೆಂದೇ ಹೇಳಬಹುದು. ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಕಣ್ಣಿಗೆ ಕಡಿಮೆ ಗೊತ್ತಾಗುವ ಸೂಕ್ಷ್ಮ ಏರಿಳಿತಗಳನ್ನು ಒರಟಾಗಿ ಬರೆದುಕೊಳ್ಳುತ್ತದೆ. ಅತಿಯಾಗಿ ಹಿಂಡಿದಾಗ ಆಕಾಶದಲ್ಲಿ ಚೌಕಗಳು ಕಾಣುವುದು, ಅಕ್ಷರದ ಸುತ್ತ ಸೊಳ್ಳೆ ಮುತ್ತಿದಂತೆ ಚುಕ್ಕೆಗಳು ಏಳುವುದು ಈ ಕಾರಣಕ್ಕೆ.

ಕ್ವಾಲಿಟಿ ಸಂಖ್ಯೆ ಶೇಕಡಾವಾರು ಅಲ್ಲ. 80 ಎಂದರೆ ‘ಶೇ 80ರಷ್ಟು ಗುಣ’ ಎಂದೇನೂ ಇಲ್ಲ. ಒಂದು ತಂತ್ರಾಂಶದ 80 ಇನ್ನೊಂದರ 80 ಆಗಬೇಕಾಗಿಲ್ಲ. ಫೋಟೊಶಾಪ್‌ನ ಸೇವ್ ಆ್ಯಸ್‌ನಲ್ಲಂತೂ ಅಳತೆಯೇ 0ರಿಂದ 12. ಸಾಮಾನ್ಯ ಫೋಟೊಗಳಿಗೆ 75ರಿಂದ 85ರ ನಡುವೆ ಹದ ಸಿಗುತ್ತದೆ. 95ರ ಮೇಲೆ ಹೋದರೆ ಫೈಲ್ ದಿಢೀರನೆ ಬೆಳೆಯುತ್ತದೆ, ಕಣ್ಣಿಗೆ ಲಾಭವಿಲ್ಲ. 60ರ ಕೆಳಗೆ ಚರ್ಮ, ಆಕಾಶ, ಗೋಡೆಗಳಲ್ಲಿ ಕಲೆ ಕಾಣತೊಡಗುತ್ತದೆ. ಅದೇ ಜೆಪೆಗ್ ಫೈಲನ್ನು ಇನ್ನೂ ಜಾಣತನದಿಂದ ಬರೆಯುವ ತಂತ್ರಾಂಶಗಳಿವೆ. ಮೊಜಿಲ್ಲಾದ ಮೊಜ್‌ಜೆಪೆಗ್ ಅವುಗಳಲ್ಲಿ ಚೆನ್ನಾಗಿ ಪಳಗಿದ್ದು. ತೆರೆಯುವವರಿಗೆ ಅದು ಮಾಮೂಲಿ ಜೆಪೆಗ್, ಗಾತ್ರ ಮಾತ್ರ ಕಡಿಮೆ. ಹೊಸ ಫಾರ್ಮ್ಯಾಟಿಗೆ ಹೋಗಲು ಆಗದವರು ಮೊದಲು ಇದನ್ನು ನೋಡಬೇಕು.

ಜೆಪೆಗ್‌ನ ದೊಡ್ಡ ಕುಂದು ಪ್ರತಿ ಸಲ ಉಳಿಸಿದಾಗಲೂ ಕಳೆಯುವುದು. ವಾಟ್ಸ್ಆ್ಯಪ್‌ನಿಂದ ಬಂದದ್ದನ್ನು ಕತ್ತರಿಸಿ, ಅದಕ್ಕೆ ಹೆಸರು ಬರೆದು, ಮತ್ತೆ ವಾಟ್ಸ್ಆ್ಯಪ್‌ಗೆ ಹಾಕಿ, ಅಲ್ಲಿಂದ ಇನ್ನೊಬ್ಬರು ಇಳಿಸಿಕೊಂಡು ತಿದ್ದಿದರೆ ನಾಲ್ಕನೇ ಕೈಗೆ ಹೋಗುವಷ್ಟರಲ್ಲಿ ಮುಖ ಮೇಣದಂತಾಗುತ್ತದೆ. ಅಂಚು ಕತ್ತರಿಸಿದಾಗ 8×8 ಚೌಕಗಳ ಸಾಲು ಪಕ್ಕಕ್ಕೆ ಸರಿಯುವುದರಿಂದ ಹಾನಿ ಇನ್ನೂ ಜಾಸ್ತಿ. ತಿದ್ದುವ ಕೆಲಸ ಯಾವಾಗಲೂ ಮೂಲದ ಮೇಲೆಯೇ ಆಗಬೇಕು.

ಇನ್ನೊಂದು ಕುಂದು ಕನ್ನಡದವರಿಗೆ ವಿಶೇಷವಾಗಿ ತಗಲುತ್ತದೆ. ಕಣ್ಣು ಬೆಳಕಿನ ವ್ಯತ್ಯಾಸವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸದು. ಹಾಗಾಗಿ ಜೆಪೆಗ್ ಸಾಮಾನ್ಯವಾಗಿ ಬೆಳಕನ್ನು ಪ್ರತಿ ಪಿಕ್ಸೆಲಿಗೂ ಬರೆದು, ಬಣ್ಣವನ್ನು 2×2 ಪಿಕ್ಸೆಲಿಗೆ ಒಂದೇ ಸಲ ಬರೆಯುತ್ತದೆ. ಸೆಟ್ಟಿಂಗ್‌ನಲ್ಲಿ ಇದು 4:2:0 ಎಂದು ಕಾಣುತ್ತದೆ. ಫೋಟೊಗಳಿಗೆ ಇದರಿಂದ ಏನೂ ತೊಂದರೆಯಿಲ್ಲ. ಈಗ ರಾಜ್ಯೋತ್ಸವದ ಪೋಸ್ಟರ್ ತೆಗೆದುಕೊಳ್ಳಿ, ಹಳದಿ ಹಿನ್ನೆಲೆ, ಕೆಂಪು ಅಕ್ಷರ. ‘ರಾಜ್ಯೋತ್ಸವ’ದ ತ್ಸ ಒತ್ತು ಚಿಕ್ಕ ಅಳತೆಯಲ್ಲಿ ಎರಡು ಮೂರು ಪಿಕ್ಸೆಲ್ ದಪ್ಪದ ಗೆರೆಯಾಗಿರುತ್ತದೆ. ಆ ಗೆರೆಯ ಕೆಂಪು, ಪಕ್ಕದ ಹಳದಿ ಎರಡೂ ಒಂದೇ 2×2 ಮನೆಯೊಳಗೆ ಸೇರಿ ಸರಾಸರಿಯಾಗುತ್ತವೆ. ಅಂಚು ಕಿತ್ತಳೆ, ಕಂದು ಬಣ್ಣಕ್ಕೆ ತಿರುಗುತ್ತದೆ, ಒತ್ತಕ್ಷರದ ಹೊಟ್ಟೆಯೊಳಗಿನ ಸಂದು ಮುಚ್ಚಿಹೋಗುತ್ತದೆ. ಬಿಳಿಯ ಮೇಲಿನ ಕಪ್ಪು ಅಕ್ಷರಕ್ಕೆ ಹೀಗಾಗದು, ಅಲ್ಲಿರುವುದು ಬೆಳಕಿನ ವ್ಯತ್ಯಾಸ ಮಾತ್ರ. ಕ್ವಾಲಿಟಿಯನ್ನು 70ರಿಂದ 85ಕ್ಕೆ ಏರಿಸಿದರೂ ಈ ರೋಗ ಹೋಗುವುದಿಲ್ಲ. ಬಣ್ಣದ ಸೆಟ್ಟಿಂಗನ್ನು 4:4:4ಕ್ಕೆ, ಅಂದರೆ ಬಣ್ಣವನ್ನೂ ಪ್ರತಿ ಪಿಕ್ಸೆಲಿಗೂ ಬರೆಯುವಂತೆ, ಬದಲಿಸಬೇಕು. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಜೆಪೆಗ್ ಉಳಿಸುವಾಗ ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಸಬ್‌ಸ್ಯಾಂಪ್ಲಿಂಗ್ ಎಂಬುದಿದೆ. ಫೋಟೊಶಾಪ್‌ನ 12ರ ಅಳತೆಯಲ್ಲಿ 7 ಮತ್ತು ಅದಕ್ಕೂ ಮೇಲೆ, ಕಮಾಂಡ್ ಬರೆದು ಓಡಿಸುವ ಇಮೇಜ್‌ಮ್ಯಾಜಿಕ್‌ನಲ್ಲಿ ಕ್ವಾಲಿಟಿ 90 ಮತ್ತು ಮೇಲೆ ಬಣ್ಣ ತಾನಾಗಿಯೇ ಪೂರ್ತಿ ಉಳಿಯುತ್ತದೆ.

ಪಿಎನ್‌ಜಿ: ಕಳೆಯುವುದಿಲ್ಲ, ಆದರೆ ಫೋಟೊಗೆ ದುಬಾರಿ

ಪಿಎನ್‌ಜಿ ಏನನ್ನೂ ಕಳೆಯದೆ ಒತ್ತುತ್ತದೆ, ಪಾರದರ್ಶಕ ಹಿನ್ನೆಲೆಯನ್ನೂ ಇಟ್ಟುಕೊಳ್ಳುತ್ತದೆ. ಲೋಗೊ, ಸ್ಕ್ರೀನ್‌ಶಾಟ್, ನಕ್ಷೆ, ಪೋಸ್ಟರಿನ ಮೂಲ ಪ್ರತಿ ಇವಕ್ಕೆಲ್ಲ ಸರಿಯಾದದ್ದು. 12 ಮೆಗಾಪಿಕ್ಸೆಲ್ ಫೋಟೊವನ್ನು ಪಿಎನ್‌ಜಿ ಮಾಡಿದರೆ ಮಾತ್ರ ಹತ್ತಾರು ಎಂಬಿ ಆಗುತ್ತದೆ. ಕೆಟ್ಟ ಜೆಪೆಗನ್ನು ಪಿಎನ್‌ಜಿ ಮಾಡಿದರೆ ಗುಣ ಹೆಚ್ಚುತ್ತದೆ ಎಂದು ನಂಬಿದವರಿದ್ದಾರೆ. ಆಗುವುದೇನೆಂದರೆ, ಜೆಪೆಗ್ ಬಿಟ್ಟುಹೋದ ಕಲೆಗಳೆಲ್ಲ ಒಂದೂ ಕಳೆಯದಂತೆ ಭದ್ರವಾಗುತ್ತವೆ!

ಪಿಎನ್‌ಜಿಯನ್ನು ಚಿಕ್ಕದು ಮಾಡಲು ಎರಡು ದಾರಿ. ಆಕ್ಸಿಪಿಎನ್‌ಜಿಯಂಥ ತಂತ್ರಾಂಶ ಒಂದು ಪಿಕ್ಸೆಲ್ಲನ್ನೂ ಬದಲಿಸದೆ ಒಳಗಿನ ಒತ್ತುವಿಕೆಯನ್ನಷ್ಟೇ ಬಿಗಿ ಮಾಡುತ್ತದೆ. ಉಳಿತಾಯ ಸಾಧಾರಣ, ಅಪಾಯ ಸೊನ್ನೆ. ಪಿಎನ್‌ಜಿಕ್ವಾಂಟ್ ಬಣ್ಣಗಳನ್ನು 256ಕ್ಕೆ ಇಳಿಸುತ್ತದೆ. ಕೆಲವೇ ಬಣ್ಣಗಳಿರುವ ಲೋಗೊ, ಅಕ್ಷರಗಳಲ್ಲಿ ಫೈಲ್ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ, ಗೊತ್ತೇ ಆಗುವುದಿಲ್ಲ. ಸೂರ್ಯಾಸ್ತದಂತೆ ಒಂದರಿಂದೊಂದಕ್ಕೆ ಜಾರುವ ಬಣ್ಣವಿದ್ದರೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಬಣ್ಣಗಳನ್ನು ಚುಕ್ಕೆಚುಕ್ಕೆಯಾಗಿ ಬೆರೆಸುವ ಡಿದರಿಂಗ್ ಹಾಕಿದರೆ ಪಟ್ಟೆ ಹೋಗಿ ಚುಕ್ಕೆ ಬರುತ್ತದೆ, ಫೈಲೂ ಸ್ವಲ್ಪ ಬೆಳೆಯುತ್ತದೆ. ಅಂಥ ಚಿತ್ರಕ್ಕೆ ಈ ದಾರಿ ಬೇಡ.

ಲೋಗೊದ ಮೂಲ ವಿನ್ಯಾಸ ಕೈಯಲ್ಲಿದ್ದರೆ, ಪಿಕ್ಸೆಲ್ ಬದಲು ಗೆರೆ-ಆಕಾರಗಳನ್ನೇ ಬರೆದಿಡುವ ಎಸ್‌ವಿಜಿ ಇನ್ನೂ ಒಳ್ಳೆಯದು. ಕೆಲವೇ ಕೆಬಿ ಸಾಕು, ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಗೆರೆಗಳ ಆಕಾರಕ್ಕೆ, ಬದಲಿಸಿಯೇ ಉಳಿಸಬೇಕು. ಇಲ್ಲದಿದ್ದರೆ ನೋಡುವವರಲ್ಲಿ ಆ ಫಾಂಟ್ ಇರದಾಗ ರೂಪ ಕೆಡುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಯುನಿಕೋಡ್ ಅಲ್ಲದೆ ಬರೆದದ್ದಾದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಸಾಲುಗಟ್ಟುತ್ತವೆ.

ವೆಬ್‌ಪಿ: ವೆಬ್‌ಸೈಟಿಗೆ ಸದ್ಯದ ಸುರಕ್ಷಿತ ಆಯ್ಕೆ

ಗೂಗಲ್ 2010ರಲ್ಲಿ ತಂದದ್ದು. 2020ರಲ್ಲಿ ಸಫಾರಿ 14 ಕೂಡ ಒಪ್ಪಿಕೊಂಡ ಮೇಲೆ ಬ್ರೌಸರುಗಳಲ್ಲಿ ಇದರ ಚಿಂತೆ ಮುಗಿಯಿತು. ಒಂದೇ ಗುಣಮಟ್ಟದಲ್ಲಿ ಜೆಪೆಗ್‌ಗಿಂತ ಶೇ 25ರಿಂದ 34ರಷ್ಟು ಚಿಕ್ಕದು ಎಂದು ಗೂಗಲ್ ಹೇಳುತ್ತದೆ. ಎದುರಿಗಿರುವುದು ಮೊಜ್‌ಜೆಪೆಗ್ ಆದರೆ ಅಂತರ ಇಷ್ಟಿರುವುದಿಲ್ಲ. ಫೋಟೊಗೆ ಕ್ವಾಲಿಟಿ 78–82ರಿಂದ ಶುರುಮಾಡಿ ನೋಡಿ.

ಹಿಂಡಿದಾಗ ವೆಬ್‌ಪಿ ಚೌಕ ತೋರಿಸುವುದಕ್ಕಿಂತ ಹೆಚ್ಚಾಗಿ ಸವರಿಬಿಡುತ್ತದೆ. ಕತ್ತಲ ಮೂಲೆ, ಮೋಡದ ಆಕಾಶದಲ್ಲಿ ವಿವರ ಮಾಯವಾಗಿ ಪಟ್ಟೆ ಉಳಿಯುತ್ತದೆ. ನೆನಪಿಡಬೇಕಾದ ಇನ್ನೊಂದು ಸಂಗತಿ, ಕಳೆದು ಉಳಿಸುವ ವೆಬ್‌ಪಿ ಯಾವಾಗಲೂ 4:2:0. ಮೇಲೆ ಹೇಳಿದ ಕೆಂಪು-ಹಳದಿ ಪೋಸ್ಟರಿಗೆ ಇಲ್ಲಿ 4:4:4 ಎಂಬ ಮದ್ದೇ ಇಲ್ಲ. ಶಾರ್ಪ್ ವೈಯುವಿ ಎಂಬ ಆಯ್ಕೆ ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ. ಪೂರ್ತಿ ಬೇಕೆಂದರೆ ಏನೂ ಕಳೆಯದ ಲಾಸ್‌ಲೆಸ್ ವೆಬ್‌ಪಿ ಆರಿಸಿ. ಅಕ್ಷರ ಮತ್ತು ಸಪಾಟು ಬಣ್ಣಗಳಲ್ಲಿ ಅದು ಪಿಎನ್‌ಜಿಗಿಂತ ಚಿಕ್ಕದಾಗಿರುತ್ತದೆ. ಒಂದು ಬದಿ 16,383 ಪಿಕ್ಸೆಲ್ ದಾಟಿದ ಉದ್ದನೆಯ ಸ್ಕ್ರೀನ್‌ಶಾಟ್, ಪನೋರಮಾಗಳು ವೆಬ್‌ಪಿಯಲ್ಲಿ ಹಿಡಿಯುವುದಿಲ್ಲ.

ಎವಿಐಎಫ್: ಹೆಚ್ಚು ಉಳಿತಾಯ, ಹೆಚ್ಚು ತಾಳ್ಮೆ

ಎವಿ1 ಎಂಬ ವಿಡಿಯೊ ತಂತ್ರದಿಂದ ಹುಟ್ಟಿದ್ದು, 2019ರದು. ಕ್ರೋಮ್ 2020ರಲ್ಲಿ, ಫೈರ್‌ಫಾಕ್ಸ್ 2021ರಲ್ಲಿ, ಸಫಾರಿ 2022ರಲ್ಲಿ, ಎಡ್ಜ್ 2024ರಲ್ಲಿ ಇದನ್ನು ತೆರೆಯತೊಡಗಿದವು. ಕಡಿಮೆ ಬೈಟಿನಲ್ಲಿ ಚಿತ್ರವನ್ನು ಸಹ್ಯವಾಗಿಡುವುದರಲ್ಲಿ ಇದು ಜೆಪೆಗ್, ವೆಬ್‌ಪಿ ಎರಡನ್ನೂ ಮೀರಿಸುತ್ತದೆ. 4:4:4 ಬಣ್ಣ, ಬಣ್ಣದ ಮೆಟ್ಟಿಲುಗಳನ್ನು ಹೆಚ್ಚಿಸುವ 10 ಬಿಟ್ ಆಳ ಎರಡೂ ಇರುವುದರಿಂದ ಸಂಜೆಯ ಆಕಾಶಕ್ಕೂ ಕೆಂಪಕ್ಷರಕ್ಕೂ ಹೊಂದುತ್ತದೆ. ಕ್ವಾಲಿಟಿ 55–63 ಎಂದಿಟ್ಟರೆ ಜೆಪೆಗ್‌ನ 80ರ ಆಸುಪಾಸು ಸಿಗುತ್ತದೆ. 80 ಎಂದು ಅಭ್ಯಾಸಬಲದಿಂದ ಹಾಕಿದವರು ಫೈಲ್ ಯಾಕೆ ಇಳಿಯಲಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ.

ತೊಂದರೆ ಎರಡು. ಉಳಿಸಲು ಸಮಯ ಹಿಡಿಯುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲಿ ನೂರಾರು ಚಿತ್ರ ಹಾಕಿದರೆ ಊಟ ಮುಗಿಸಿ ಬರಬಹುದು. ಎರಡನೆಯದು ಅತಿ ನುಣುಪು. ರೇಷ್ಮೆ ಸೀರೆಯ ಜರಿ, ಒಣಹಾಕಿದ ಅಡಿಕೆಯ ಒರಟು ಮೈ, ಹುಲ್ಲು, ಚರ್ಮದ ರಂಧ್ರಗಳನ್ನೆಲ್ಲ ತೀಡಿಬಿಡುತ್ತದೆ. ಮೊದಲ ನೋಟಕ್ಕೆ ಚೊಕ್ಕವಾಗಿಯೇ ಇರುತ್ತದೆ, ಮೂಲದ ಪಕ್ಕ ಇಟ್ಟಾಗಲೇ ಕಳೆದದ್ದು ಗೊತ್ತಾಗುವುದು. ಸೀರೆ ಮಾರುವ ಅಂಗಡಿಯಲ್ಲಿ ಗಿರಾಕಿ ನೋಡಬೇಕಾದ್ದೇ ಆ ನೇಯ್ಗೆ. ಅಂಥ ಕಡೆ ಕ್ವಾಲಿಟಿ ಏರಿಸಿ, ಇಲ್ಲವೇ ಒಳ್ಳೆಯ ಜೆಪೆಗ್‌ನಲ್ಲೇ ಉಳಿಯಿರಿ.

ಐಫೋನುಗಳು 2017ರ ಐಒಎಸ್ 11ರಿಂದ ಬಳಸುತ್ತಿರುವ ಎಚ್‌ಇಐಸಿ ಫಾರ್ಮ್ಯಾಟ್ ಫೋನಿನೊಳಗೆ ಜಾಗ ಉಳಿಸಲು ಚೆನ್ನ, ಹೊರಗೆ ಕಳಿಸಲು ಅಲ್ಲ. ಫೈಲ್ ಹೆಸರಿನ ಕೊನೆಯ ಭಾಗವನ್ನು ಜೆಪಿಜಿ ಎಂದು ಬದಲಿಸಿದರೆ ಒಳಗಿನ ಫೈಲ್ ಬದಲಾಗುವುದಿಲ್ಲ, ಪೋರ್ಟಲ್ ಅದನ್ನು ತಿರಸ್ಕರಿಸುತ್ತದೆ. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ಸ್ ಒಳಗೆ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದರೆ ಮುಂದಿನ ಚಿತ್ರಗಳು ಜೆಪೆಗ್‌ನಲ್ಲೇ ಬರುತ್ತವೆ. ಜೆಪೆಗ್ ಎಕ್ಸ್‌ಎಲ್ ಎಂಬ ಹೊಸ ಫಾರ್ಮ್ಯಾಟ್ ತಾಂತ್ರಿಕವಾಗಿ ಸೊಗಸಾದದ್ದು, ಹಳೆಯ ಜೆಪೆಗನ್ನು ಏನೂ ಕಳೆಯದೆ ಸುಮಾರು ಶೇ 20ರಷ್ಟು ಕುಗ್ಗಿಸಿ ಮತ್ತೆ ಹಾಗೇ ಹಿಂದಕ್ಕೆ ಕೊಡಬಲ್ಲದು. ಎಲ್ಲ ಬ್ರೌಸರುಗಳೂ ಕೈಹಿಡಿಯುವ ತನಕ ಅದು ಸ್ವಂತ ಸಂಗ್ರಹಕ್ಕೆ ಮಾತ್ರ.

ಯಾವ ಸಾಧನ?

ಬಿಡಿ ಚಿತ್ರಗಳಿಗೆ ಸ್ಕ್ವೂಶ್ ಸಾಕು. ಗೂಗಲ್ ಕ್ರೋಮ್ ತಂಡದವರ ಉಚಿತ ವೆಬ್ ಸಾಧನ ಇದು. ಪರದೆಯ ನಡುವೆ ಗೆರೆ ಎಳೆದು ಎಡಕ್ಕೆ ಮೂಲ, ಬಲಕ್ಕೆ ಕುಗ್ಗಿಸಿದ್ದು, ಕೆಳಗೆ ಗಾತ್ರ ತೋರಿಸುತ್ತದೆ. ಮೊಜ್‌ಜೆಪೆಗ್, ಆಕ್ಸಿಪಿಎನ್‌ಜಿ, ವೆಬ್‌ಪಿ, ಎವಿಐಎಫ್ ಎಲ್ಲವೂ ಇದೆ. ಚಿತ್ರ ನಿಮ್ಮ ಬ್ರೌಸರಿನಲ್ಲೇ ಕುಗ್ಗುತ್ತದೆ, ಬೇರೆಯವರ ಸರ್ವರಿಗೆ ಹೋಗುವುದಿಲ್ಲ. ‘50 ಕೆಬಿಗೆ ಇಳಿಸಿ’ ಎನ್ನುವ ಬಹಳಷ್ಟು ಜಾಲತಾಣಗಳು ಇದಕ್ಕೆ ವಿರುದ್ಧ, ನಿಮ್ಮ ಫೈಲನ್ನು ತಮ್ಮಲ್ಲಿಗೆ ತರಿಸಿಕೊಳ್ಳುತ್ತವೆ. ಆಧಾರ್, ಸಹಿ, ಅಂಕಪಟ್ಟಿಗಳನ್ನು ಅಂಥ ಕಡೆ ಹಾಕದಿರುವುದೇ ಲೇಸು.

ಹತ್ತಾರು ಚಿತ್ರಗಳಿದ್ದರೆ ಎಕ್ಸ್‌ಎನ್‌ಕನ್ವರ್ಟ್ ಅನುಕೂಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಸ್ವಂತ ಬಳಕೆಗೆ ಉಚಿತ. ವಿಂಡೋಸ್ ಮಾತ್ರ ಸಾಕೆನ್ನುವವರಿಗೆ ಇರ್ಫಾನ್‌ವ್ಯೂ ಹಗುರ. ಕಮಾಂಡ್ ಬರೆಯಲು ಹಿಂಜರಿಯದವರಿಗೆ ಇಮೇಜ್‌ಮ್ಯಾಜಿಕ್‌ಗೆ ಸಾಟಿಯಿಲ್ಲ. ಅದರ ಮೊಗ್ರಿಫೈ ಕಮಾಂಡ್ ಮಾತ್ರ ಮೂಲ ಫೈಲಿನ ಮೇಲೆಯೇ ಬರೆಯುತ್ತದೆ. ಫೋಲ್ಡರನ್ನು ನಕಲು ಮಾಡಿಕೊಳ್ಳದೆ ಓಡಿಸಿದರೆ ಹಿಂದಕ್ಕೆ ದಾರಿಯಿಲ್ಲ. ವಿಂಡೋಸಿನ ಪೇಂಟ್‌ನಲ್ಲಿ ಅಳತೆ ಇಳಿಸಬಹುದು, ಆದರೆ ಜೆಪೆಗ್ ಕ್ವಾಲಿಟಿ ಆರಿಸಲು ಬಾರದು. ಕೇವಲ ಈ ಕೆಲಸಕ್ಕಾಗಿ ಫೋಟೊಶಾಪ್‌ಗೆ ಚಂದಾ ಕಟ್ಟುವ ಅಗತ್ಯ ಕಾಣುವುದಿಲ್ಲ, ಗಿಂಪ್ ಉಚಿತವಾಗಿಯೇ ಇದೆ.

ಕುಗ್ಗಿಸುವಾಗ ಹೆಚ್ಚುವರಿ ಮಾಹಿತಿಯನ್ನೂ ತೆಗೆದುಹಾಕುವುದು ರೂಢಿ. ಚಿತ್ರ ತೆಗೆದ ಜಾಗದ ಜಿಪಿಎಸ್ ಹೋಗುವುದರಿಂದ ಖಾಸಗಿತನಕ್ಕೂ ಒಳ್ಳೆಯದು. ಆದರೆ ಎರಡು ಕಡೆ ಎಡವಟ್ಟಾಗುತ್ತದೆ. ಫೋನನ್ನು ನಿಲ್ಲಿಸಿ ತೆಗೆದ ಚಿತ್ರ ಫೈಲಿನಲ್ಲಿ ಅಡ್ಡಲಾಗಿಯೇ ಇದ್ದು, ‘ತಿರುಗಿಸಿ ತೋರಿಸು’ ಎಂಬ ಸೂಚನೆ ಮಾತ್ರ ಮಾಹಿತಿಯಲ್ಲಿರಬಹುದು. ಅದನ್ನು ಅಳಿಸಿದರೆ ವಧೂವರರು ಮಲಗಿಬಿಡುತ್ತಾರೆ. ಮೊದಲು ಚಿತ್ರವನ್ನೇ ನಿಜವಾಗಿ ತಿರುಗಿಸುವ ಆಟೊ ಓರಿಯೆಂಟ್ ಹಾಕಿ. ಹಾಗೆಯೇ ಐಫೋನ್ ಚಿತ್ರಗಳ ಬಣ್ಣ ಡಿಸ್‌ಪ್ಲೇ ಪಿ3 ಎಂಬ ಪ್ರೊಫೈಲಿನಲ್ಲಿರುತ್ತದೆ. ಎಲ್ಲ ಕಡೆ ನಡೆಯುವ ಎಸ್‌ಆರ್‌ಜಿಬಿ ಪ್ರೊಫೈಲಿಗೆ ಪರಿವರ್ತಿಸದೆ ಪ್ರೊಫೈಲನ್ನು ಕಿತ್ತರೆ ಕುಂಕುಮದ ಕೆಂಪು ಸಪ್ಪೆಯಾಗುತ್ತದೆ.

ನಿಮ್ಮ ಕೆಲಸ ಯಾವುದು?

*ವೆಬ್‌ಸೈಟ್.* ಸ್ವಂತ ಕೋಡ್ ಬರೆಯುವವರು ಪಿಕ್ಚರ್ ಟ್ಯಾಗ್‌ನಲ್ಲಿ ಎವಿಐಎಫ್, ವೆಬ್‌ಪಿ, ಜೆಪೆಗ್ ಎಂಬ ಕ್ರಮದಲ್ಲೇ ಕೊಡಬೇಕು. ಬ್ರೌಸರ್ ತನಗೆ ತೆರೆಯಲು ಬರುವ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ. ವೆಬ್‌ಪಿಯನ್ನು ಮೊದಲು ಬರೆದರೆ ಎವಿಐಎಫ್ ಮಾಡಿದ ಶ್ರಮ ವ್ಯರ್ಥ. 480, 960, 1440 ಹೀಗೆ ಮೂರು ಅಗಲ ಕೊಟ್ಟರೆ ಚಿಕ್ಕ ಫೋನಿನವರು ದೊಡ್ಡ ಫೈಲ್ ಇಳಿಸಿಕೊಳ್ಳಬೇಕಾಗಿಲ್ಲ. ಪುಟದ ತಲೆಯಲ್ಲಿರುವ ದೊಡ್ಡ ಚಿತ್ರಕ್ಕೆ ಲೇಜಿ ಲೋಡಿಂಗ್ (ಓದುಗ ಹತ್ತಿರ ಬಂದ ಮೇಲೆ ಚಿತ್ರ ತರಿಸುವುದು) ಬೇಡ, ಪುಟದ ದೊಡ್ಡ ಭಾಗ ಕಾಣಿಸಿಕೊಳ್ಳಲು ಗೂಗಲ್ ಅಳೆಯುವ 2.5 ಸೆಕೆಂಡಿನ ಗಡುವು ತಪ್ಪುವುದು ಹೆಚ್ಚಾಗಿ ಅಲ್ಲೇ. ವರ್ಡ್‌ಪ್ರೆಸ್ ಬಳಸುವವರಿಗೆ 5.8ರಿಂದ ವೆಬ್‌ಪಿ, 6.5ರಿಂದ ಎವಿಐಎಫ್ ಅಪ್‌ಲೋಡ್ ಆಗುತ್ತದೆ. ಜೆಪೆಗ್ ಹಾಕಿದರೆ ಬೇರೆಬೇರೆ ಅಳತೆಯ ಪ್ರತಿಗಳನ್ನು ಅದು ಕ್ವಾಲಿಟಿ 82ರಲ್ಲಿ ತಾನೇ ತಯಾರಿಸುತ್ತದೆ. ಹಾಗಾಗಿ ಮೊದಲೇ 60ಕ್ಕೆ ಹಿಂಡಿ ಹಾಕಿದರೆ ಎರಡು ಸಲ ಕೆಡಿಸಿದಂತೆ. 90ರ ಆಸುಪಾಸಿನದನ್ನು ಕೊಟ್ಟು ಉಳಿದದ್ದನ್ನು ಅದಕ್ಕೇ ಬಿಡಿ. ಸಮಯವಿಲ್ಲ, ಒಂದೇ ಫಾರ್ಮ್ಯಾಟ್ ಸಾಕು ಎನ್ನುವವರಿಗೆ ವೆಬ್‌ಪಿ.

*ವಾಟ್ಸ್ಆ್ಯಪ್.* ಫೋಟೊ ಎಂದು ಕಳಿಸಿದ್ದನ್ನು ವಾಟ್ಸ್ಆ್ಯಪ್ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲಿಗೆ ಇಳಿಸಿ ಮತ್ತೆ ಜೆಪೆಗ್ ಮಾಡುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಲ್ಲಿ ಹಾನಿ ಕಡಿಮೆ. ಪೋಸ್ಟರನ್ನು ಮೊದಲೇ 1080×1350ರಂತೆ ಆ ಮಿತಿಯೊಳಗೆ ಮಾಡಿದರೆ ಅಳತೆ ಇಳಿಸುವ ಪೆಟ್ಟಾದರೂ ತಪ್ಪುತ್ತದೆ. ಒತ್ತಕ್ಷರದ ತೆಳುವಾದ ಗೆರೆ ಕೂಡ ಮೂರು ನಾಲ್ಕು ಪಿಕ್ಸೆಲ್ ದಪ್ಪ ಇರುವಂತೆ ಅಕ್ಷರ ದೊಡ್ಡದಿಡಿ. ಕಾರ್ಯಕ್ರಮದ ವಿವರ ತುಂಬಿದ ಆಮಂತ್ರಣವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಇದ್ದ ಹಾಗೇ ತಲುಪುತ್ತದೆ. ಆದರೆ ಅದನ್ನು ಒತ್ತಿ ತೆರೆಯಬೇಕು, ಗುಂಪಿನಲ್ಲಿ ಎಷ್ಟು ಜನ ಒತ್ತುತ್ತಾರೆ ಎಂಬುದು ನಿಮಗೇ ಗೊತ್ತು.

*ಸ್ಕ್ಯಾನ್ ಮಾಡಿದ ಕಾಗದ.* ಎ4 ಹಾಳೆ 300 ಡಿಪಿಐನಲ್ಲಿ 2480×3508 ಪಿಕ್ಸೆಲ್. ಅಚ್ಚಾದ ಕಪ್ಪು ಅಕ್ಷರ ಮಾತ್ರ ಇದ್ದರೆ 1 ಬಿಟ್ ಕಪ್ಪು-ಬಿಳುಪಿನಲ್ಲಿ, ಜಿ4 ಎಂಬ ಫ್ಯಾಕ್ಸ್ ಕಾಲದ ಒತ್ತುವಿಕೆಯಲ್ಲಿ ಉಳಿಸಿದರೆ ಒಂದು ಪುಟ ಸಾಮಾನ್ಯವಾಗಿ 100 ಕೆಬಿ ಒಳಗಿರುತ್ತದೆ, ಏನೂ ಕಳೆಯುವುದಿಲ್ಲ. ಹಳೆಯ ಪಹಣಿ, ಮಾಸಿದ ಶಾಯಿ, ಸೀಲು ಇದ್ದರೆ 1 ಬಿಟ್ ಬೇಡ, ತೆಳು ಗೆರೆಗಳು ಪೂರ್ತಿ ಮಾಯವಾಗುತ್ತವೆ. ಗ್ರೇ ಸ್ಕೇಲ್, 200 ಡಿಪಿಐ, ಜೆಪೆಗ್ 60–70 ಸರಿಹೋಗುತ್ತದೆ. ಕಪ್ಪು-ಬಿಳುಪು ಪುಟಗಳನ್ನು ಒತ್ತುವ ಜೆಬಿಗ್2 ವಿಧಾನದ ಕಳೆಯುವ ರೀತಿಯನ್ನು ದಾಖಲೆಗಳಿಗೆ ಬಳಸಲೇಬಾರದು. ಒಂದೇ ತರ ಕಾಣುವ ಆಕಾರಗಳಿಗೆ ಅದು ಒಂದೇ ಅಚ್ಚನ್ನು ಎಲ್ಲ ಕಡೆ ಒತ್ತುತ್ತದೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ತಜ್ಞ ಡೇವಿಡ್ ಕ್ರೀಸೆಲ್ ಹೀಗೆ ಸ್ಕ್ಯಾನರ್ ಒಂದು 6ನ್ನು 8 ಮಾಡುತ್ತಿದ್ದುದನ್ನು ತೋರಿಸಿದರು. ಪ, ಷ ಒಂದು ಗೆರೆಯಲ್ಲಿ ಬೇರೆಯಾಗುವ ನಮ್ಮ ಲಿಪಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ.

*ಅರ್ಜಿಯ ಫೋಟೊ, ಸಹಿ.* ಇಲ್ಲಿ ಆಯ್ಕೆ ಒಂದೇ, ಜೆಪೆಗ್. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಗಳು ಫೋಟೊಗೆ 200×230 ಪಿಕ್ಸೆಲ್, 20–50 ಕೆಬಿ, ಸಹಿಗೆ 140×60 ಪಿಕ್ಸೆಲ್, 10–20 ಕೆಬಿ ಕೇಳುತ್ತ ಬಂದಿವೆ. ಆ ವರ್ಷದ ಅಧಿಸೂಚನೆಯನ್ನು ಒಮ್ಮೆ ನೋಡಿಕೊಳ್ಳಿ. 200×230 ಎಂದರೆ 46 ಸಾವಿರ ಪಿಕ್ಸೆಲ್ ಮಾತ್ರ. ಅಷ್ಟಕ್ಕೆ 50 ಕೆಬಿ ಧಾರಾಳ, ಹಾಗಾಗಿ ಕ್ವಾಲಿಟಿ 90–95 ಇಡಬಹುದು. ಬಹಳ ಜನ ಪಿಕ್ಸೆಲ್ ಇಳಿಸದೆ ಕ್ವಾಲಿಟಿಯನ್ನೇ 10ಕ್ಕೆ ತಂದು, ಗುರುತು ಸಿಗದ ಮುಖ ಅಪ್‌ಲೋಡ್ ಮಾಡುತ್ತಾರೆ. ಪಿಕ್ಸೆಲ್ ಸರಿಯಾಗಿ ಇಳಿಸಿದವರಿಗೆ ತಿರುವುಮುರುವು ಕಾಟ, ಫೈಲ್ 20 ಕೆಬಿಗಿಂತ ಕಡಿಮೆಯಾಗಿ ಪೋರ್ಟಲ್ ಬೇಡವೆನ್ನುತ್ತದೆ. ಆಗ ಕ್ವಾಲಿಟಿಯನ್ನು 97–100ಕ್ಕೆ ಏರಿಸಿ, ಬಣ್ಣವನ್ನು 4:4:4 ಮಾಡಿ. ಸಹಿಯಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಬಿಳಿ ಹಾಳೆಯ ಮೇಲೆ ಎರಡು ಗೆರೆ ಇರುವ 140×60 ಚಿತ್ರವನ್ನು 10 ಕೆಬಿಗೆ ಬೆಳೆಸುವುದೇ ಕಷ್ಟ. ಕೊಟ್ಟ ಅಳತೆ ಕಡ್ಡಾಯವಲ್ಲದೆ ‘ಆದ್ಯತೆ’ ಎಂದಿದ್ದರೆ ಅದೇ ಪ್ರಮಾಣದಲ್ಲಿ 280×120 ಮಾಡಿ, ತಾನಾಗಿ ಮಿತಿಯೊಳಗೆ ಬರುತ್ತದೆ. ಸಹಿಯ ಚಿತ್ರವನ್ನು ನೆರಳು ಬೀಳದ ಹಗಲು ಬೆಳಕಿನಲ್ಲಿ ತೆಗೆದು, ಸಹಿಯ ಅಂಚಿಗೆ ಕತ್ತರಿಸಿ, ಆಮೇಲೆ ಅಳತೆ ಇಳಿಸಿ. ಇಡೀ ಎ4 ಹಾಳೆಯನ್ನು 140×60ಕ್ಕೆ ತಂದರೆ ಸಹಿ ಒಂದು ಚುಕ್ಕೆಯಾಗಿ ಉಳಿಯುತ್ತದೆ. ಅಪ್‌ಲೋಡ್ ಆದ ಮೇಲೆ ಫೈನಲ್ ಸಬ್ಮಿಟ್ ಒತ್ತುವ ಮೊದಲು ಪ್ರಿವ್ಯೂನಲ್ಲಿ ಫೋಟೊದ ಜಾಗದಲ್ಲಿ ಫೋಟೊ, ಸಹಿಯ ಜಾಗದಲ್ಲಿ ಸಹಿ ಇದೆಯೇ ಎಂದು ನೋಡಿ. ಅದಲುಬದಲಾದ ಅರ್ಜಿ ತಿರಸ್ಕೃತವಾಗಬಹುದು.